ಮೈಲ್ಡ್ ಎಂಡೊಮೆಟ್ರಿಯೋಸಿಸ್: ಮಗು ಬೇಕು ಅಂತ ಆಪರೇಷನ್‌ಗೆ ಒಪ್ಪುವ ಮುಂಚೆ, ಒಪ್ಪಿದ ಮೇಲೆ

ಕಳೆದ ವರ್ಷ ಒಂದು ಸಂಜೆ ನನ್ನ ತಂಗಿ ಫೈಲ್ ಹಿಡಿದುಕೊಂಡು ಬಂದಳು. ಅವಳಿಗೆ 31. ಮಗುವಿಗಾಗಿ ಪ್ರಯತ್ನ ಶುರು ಮಾಡಿ ಎರಡು ವರ್ಷ ಆಗಿತ್ತು. ಸ್ಕ್ಯಾನಿಂಗ್ ನಾರ್ಮಲ್. ಗಂಡನ ವೀರ್ಯ ಪರೀಕ್ಷೆ ನಾರ್ಮಲ್. ಅಂಡಾಶಯದಿಂದ ಗರ್ಭಕೋಶಕ್ಕೆ ಅಂಡ ಸಾಗುವ ಟ್ಯೂಬ್ ಎರಡೂ ತೆರೆದಿವೆ. ಆದರೆ ಮುಟ್ಟಿನ ಮೊದಲ ಎರಡು ದಿನ ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಡಾಕ್ಟರ್ ಹೇಳಿದ್ದು ಇಷ್ಟು: "ಮೈಲ್ಡ್ ಎಂಡೊಮೆಟ್ರಿಯೋಸಿಸ್ ಇರಬಹುದು. ಲ್ಯಾಪರೊಸ್ಕೋಪಿ ಮಾಡೋಣ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡೋಣ, ಇದ್ದರೆ ಅಲ್ಲೇ ತೆಗೆದುಬಿಡೋಣ."

"ಮಾಡಿಸಿದ್ರೆ ಮಗು ಆಗತ್ತಾ ಅಕ್ಕಾ?" ಅಂತ ಕೇಳಿದಳು.

ಈ ಪ್ರಶ್ನೆಗೆ ಹೆಚ್ಚಿನವರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡುತ್ತಾರೆ. ಆದರೆ ಇದಕ್ಕೆ ಲೆಕ್ಕ ಇದೆ, ಪ್ರಯೋಗಗಳು ನಡೆದಿವೆ. ಆಪರೇಷನ್‌ನಿಂದ ಸ್ವಲ್ಪ ಸಹಾಯ ಆಗುತ್ತದೆ, ಎಲ್ಲರಿಗೂ ಅಲ್ಲ. ಅದಕ್ಕಿಂತ ಮುಖ್ಯವಾದದ್ದು ಆಪರೇಷನ್ ಆದಮೇಲಿನ ತಿಂಗಳುಗಳು. ಅವನ್ನು ಹೇಗೆ ಬಳಸುತ್ತೀರಿ ಅನ್ನುವುದನ್ನು ಆಪರೇಷನ್‌ಗೆ ಮುಂಚೆಯೇ ತೀರ್ಮಾನಿಸಿ ಅಂತ ನಾನು ತಂಗಿಗೆ ಹೇಳಿದೆ. ಅವತ್ತು ಇಬ್ಬರೂ ಕೂತು ಒಂದೊಂದಾಗಿ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: 'ಮೈಲ್ಡ್' ಅನ್ನುವ ಪದವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದಕ್ಕೆ ಎಂಡೊಮೆಟ್ರಿಯೋಸಿಸ್ ಅನ್ನುತ್ತಾರೆ. ಹೊಟ್ಟೆಯ ಒಳಗೋಡೆ, ಅಂಡಾಶಯ, ಗರ್ಭಕೋಶದ ಹಿಂದಿನ ಜಾಗ, ಹೀಗೆ ಎಲ್ಲಿ ಬೇಕಾದರೂ ಇರಬಹುದು. ಮುಟ್ಟಿನ ರಕ್ತ ಟ್ಯೂಬ್‌ಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುವುದರಿಂದ ಇದು ಬರುತ್ತದೆ ಅಂತ 1927ರಲ್ಲಿ ಅಮೆರಿಕದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯರು ಬರೆದರು. ಆದರೆ ಹಾಗೆ ಹಿಂದಕ್ಕೆ ಹರಿಯುವುದು ಬಹುತೇಕ ಹೆಂಗಸರಲ್ಲಿ ಇದೆ. ಕಾಯಿಲೆ ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಹಾಗಾಗಿ ರಕ್ತ ಹಿಂದಕ್ಕೆ ಹರಿಯುವುದೊಂದೇ ಕಾರಣ ಆಗಿರಲಾರದು.

ಇದನ್ನು ನಾಲ್ಕು ಸ್ಟೇಜ್‌ಗಳಾಗಿ ವಿಂಗಡಿಸುತ್ತಾರೆ. ಹೀಗೆ ಹೊರಗೆ ಬೆಳೆದ ಅಂಗಾಂಶ ಮಚ್ಚೆಗಳ ಹಾಗೆ ಕಾಣುತ್ತದೆ. ಆಪರೇಷನ್ ವೇಳೆ ಕಂಡ ಆ ಮಚ್ಚೆಗಳ ಗಾತ್ರ, ಆಳ, ಅಂಟಿಕೊಂಡಿರುವ ಜಾಗ ನೋಡಿ ಅಂಕ ಕೊಡುತ್ತಾರೆ. 1ರಿಂದ 5 ಅಂಕ ಬಂದರೆ ಸ್ಟೇಜ್ 1, ಅಂದರೆ ಮಿನಿಮಲ್. 6ರಿಂದ 15 ಬಂದರೆ ಸ್ಟೇಜ್ 2, ಅಂದರೆ ಮೈಲ್ಡ್. 16ರಿಂದ 40 ಸ್ಟೇಜ್ 3, ಅದಕ್ಕಿಂತ ಜಾಸ್ತಿ ಆದರೆ ಸ್ಟೇಜ್ 4. ಈ ಲೇಖನದಲ್ಲಿ ನಾನು 'ಮೈಲ್ಡ್' ಅಂದಾಗ ಮೊದಲ ಎರಡೂ ಸ್ಟೇಜ್ ಸೇರಿವೆ ಅಂತ ತಿಳಿಯಿರಿ. ಅಂಡಾಶಯದಲ್ಲಿ ದೊಡ್ಡ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಚೀಲ) ಇದ್ದರೆ, ಕರುಳು ಗರ್ಭಕೋಶಕ್ಕೆ ಅಂಟಿಕೊಂಡಿದ್ದರೆ ಅದರ ಲೆಕ್ಕವೇ ಬೇರೆ. ಅದನ್ನು ಇದರ ಜೊತೆ ಬೆರೆಸಬೇಡಿ.

ಈ ಅಂಕಕ್ಕೂ ನಿಮ್ಮ ನೋವಿಗೂ ಸಂಬಂಧ ಇಲ್ಲ. ಸ್ಟೇಜ್ 1 ಇರುವವರು ನೋವಿನಿಂದ ಒದ್ದಾಡಬಹುದು, ಸ್ಟೇಜ್ 4 ಇರುವವರಿಗೆ ನೋವೇ ಗೊತ್ತಾಗದಿರಬಹುದು. "ಮೈಲ್ಡ್ ಅಲ್ವಾ, ಸುಮ್ನೆ ಇಷ್ಟು ನರಳ್ತೀಯ" ಅಂತ ಯಾರಾದರೂ ಹೇಳಿದರೆ ಅವರಿಗೆ ಈ ವಿಷಯ ಗೊತ್ತಿಲ್ಲ, ಅಷ್ಟೆ.

ಟ್ಯೂಬ್ ತೆರೆದಿದ್ದರೆ, ಅಂಡಾಶಯ ಚೆನ್ನಾಗಿದ್ದರೆ, ನಾಲ್ಕಾರು ಸಣ್ಣ ಮಚ್ಚೆಗಳು ಬಸಿರನ್ನು ಹೇಗೆ ತಡೆಯುತ್ತವೆ? ಮಚ್ಚೆಗಳ ಸುತ್ತ ಉರಿಯೂತ ಇರುತ್ತದೆ. ಅದರಿಂದ ಹೊಟ್ಟೆಯೊಳಗಿನ ದ್ರವದ ಗುಣ ಬದಲಾಗುತ್ತದೆ. ಅಂಡ, ವೀರ್ಯಾಣು, ಟ್ಯೂಬ್‌ನ ಚಲನೆ, ಎಲ್ಲವೂ ಆ ದ್ರವದ ಸಂಪರ್ಕದಲ್ಲೇ ಇವೆ. ಬಾಗಿಲು ಮುಚ್ಚಿಲ್ಲ, ಆದರೆ ದಾರಿ ಸಲೀಸಾಗಿಲ್ಲ. ತೊಂದರೆ ಇಲ್ಲದ ಯುವ ದಂಪತಿಗೆ ಒಂದು ತಿಂಗಳಲ್ಲಿ ಬಸಿರಾಗುವ ಸಾಧ್ಯತೆ ಸುಮಾರು ಶೇ. 15ರಿಂದ 20. ಮಗುವಿಗಾಗಿ ಕಾಯುತ್ತಿರುವ ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಅದು ಶೇ. 2ರಿಂದ 10 ಅನ್ನುತ್ತಾರೆ. ಕಡಿಮೆ ಆಯಿತು, ಆದರೆ ಸೊನ್ನೆ ಅಲ್ಲ.

ಹಂತ 2: ಆಪರೇಷನ್ ಮಾತಿಗೆ ಮುಂಚೆ ಉಳಿದ ಪರೀಕ್ಷೆಗಳು ಮುಗಿದಿರಲಿ

ವೀರ್ಯ ಪರೀಕ್ಷೆ ಆಗದೆ ಯಾವ ಹೆಂಗಸೂ ಆಪರೇಷನ್ ಟೇಬಲ್ ಮೇಲೆ ಮಲಗಬಾರದು. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ. ಒಂದು ಡಬ್ಬಿ ಕೊಟ್ಟು ಅರ್ಧ ಗಂಟೆಯಲ್ಲಿ ಮುಗಿಯುವ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾ, ಹೆಂಡತಿಗೆ ಅರಿವಳಿಕೆ ಕೊಟ್ಟು ಹೊಟ್ಟೆಗೆ ತೂತು ಮಾಡಿಸುವುದು ಯಾವ ನ್ಯಾಯ? ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಚಲಿಸುವವು ಶೇ. 42. ರಿಪೋರ್ಟ್ ಇದಕ್ಕಿಂತ ತೀರಾ ಕೆಳಗಿದ್ದರೆ ಮಚ್ಚೆ ತೆಗೆಸಿ ಹೆಚ್ಚೇನೂ ಲಾಭ ಇಲ್ಲ. ಆಗ ದಾರಿಯೇ ಬೇರೆ.

ನಿಮ್ಮ ಕಡೆಯಿಂದ ಮೂರು ವಿಷಯ ಗೊತ್ತಿರಬೇಕು. ಪ್ರತಿ ತಿಂಗಳು ಅಂಡ ಬಿಡುಗಡೆ ಆಗುತ್ತಿದೆಯೇ? ಟ್ಯೂಬ್ ತೆರೆದಿದೆಯೇ? ಅಂಡಾಶಯದಲ್ಲಿ ಅಂಡಗಳ ದಾಸ್ತಾನು ಎಷ್ಟಿದೆ? ಕೊನೆಯದಕ್ಕೆ ಎಎಂಎಚ್ ಅನ್ನುವ ರಕ್ತ ಪರೀಕ್ಷೆ ಇದೆ, ಸ್ಕ್ಯಾನಿಂಗ್‌ನಲ್ಲಿ ಸಣ್ಣ ಕೋಶಗಳನ್ನು ಎಣಿಸುವುದೂ ಇದೆ. ಎಎಂಎಚ್ ಕಡಿಮೆ ಬಂದರೆ ಬಸಿರಾಗುವುದೇ ಇಲ್ಲ ಅಂತ ಅರ್ಥ ಅಲ್ಲ. ಕೈಯಲ್ಲಿ ಸಮಯ ಕಡಿಮೆ ಇದೆ ಅಂತ ಅರ್ಥ.

ಇನ್ನೊಂದು ಮಾತು. ಮೈಲ್ಡ್ ಎಂಡೊಮೆಟ್ರಿಯೋಸಿಸ್ ಸಾಮಾನ್ಯವಾಗಿ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ಎಂಆರ್‌ಐನಲ್ಲೂ ತಪ್ಪಿಹೋಗುತ್ತದೆ. ಮಚ್ಚೆಗಳು ಅಷ್ಟು ತೆಳು. ಸಿಎ-125 ರಕ್ತ ಪರೀಕ್ಷೆಯನ್ನೂ ನಂಬಿ ಕೂರುವ ಹಾಗಿಲ್ಲ. ಆದ್ದರಿಂದ "ಸ್ಕ್ಯಾನ್ ನಾರ್ಮಲ್, ನಿಮಗೆ ಏನೂ ಇಲ್ಲ" ಅನ್ನುವುದೂ ತಪ್ಪು, "ನೋವಿದೆ, ಇದೇ ಕಾಯಿಲೆ" ಅನ್ನುವುದೂ ತಪ್ಪು. ಲ್ಯಾಪರೊಸ್ಕೋಪಿ ಮಾಡಿ ಕಣ್ಣಾರೆ ನೋಡಿದಾಗಲೇ ಇದೆಯೋ ಇಲ್ಲವೋ ಗೊತ್ತಾಗುವುದು. ಹಾಗಂತ ಬರೀ ನೋಡುವುದಕ್ಕಾಗಿ ಎಲ್ಲರಿಗೂ ಲ್ಯಾಪರೊಸ್ಕೋಪಿ ಮಾಡುವ ಪದ್ಧತಿಯನ್ನು ಈಗ ಕೈಬಿಡುತ್ತಿದ್ದಾರೆ. ಯುರೋಪಿನ ಸಂತಾನ ವೈದ್ಯರ ಸಂಘವಾದ ಎಶ್ರೆ 2022ರ ಮಾರ್ಗಸೂಚಿಯಲ್ಲಿ ಇದನ್ನೇ ಹೇಳಿದೆ.

ಹಂತ 3: ಲೆಕ್ಕ ನೋಡಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ನಾನು ತಂಗಿಯ ಜೊತೆ ಹಾಗೇ ಮಾಡಿದ್ದು.

1997ರಲ್ಲಿ ಕೆನಡಾದ ವೈದ್ಯರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮಗುವಿಗಾಗಿ ಕಾಯುತ್ತಿದ್ದ, ಮಿನಿಮಲ್ ಅಥವಾ ಮೈಲ್ಡ್ ಎಂಡೊಮೆಟ್ರಿಯೋಸಿಸ್ ಇದ್ದ 341 ಮಂದಿ. ಎಲ್ಲರಿಗೂ ಲ್ಯಾಪರೊಸ್ಕೋಪಿ ಆಯಿತು. ಚೀಟಿ ಎತ್ತಿದ ಹಾಗೆ ವಿಂಗಡಿಸಿ, 172 ಮಂದಿಗೆ ಮಚ್ಚೆಗಳನ್ನು ತೆಗೆದರು ಅಥವಾ ಸುಟ್ಟರು. ಉಳಿದ 169 ಮಂದಿಗೆ ಬರೀ ನೋಡಿ ಮುಚ್ಚಿದರು. ಆಮೇಲೆ 36 ವಾರ, ಅಂದರೆ ಸುಮಾರು ಎಂಟು ತಿಂಗಳು ಗಮನಿಸಿದರು. 20 ವಾರ ದಾಟಿದ ಬಸಿರನ್ನು ಮಾತ್ರ ಎಣಿಸಿದರು. ಮಚ್ಚೆ ತೆಗೆದವರಲ್ಲಿ 50 ಮಂದಿ, ತೆಗೆಯದವರಲ್ಲಿ 29 ಮಂದಿ. 36 ವಾರದ ಒಟ್ಟು ಸಾಧ್ಯತೆ ಅಂತ ಅವರು ಅಂದಾಜು ಮಾಡಿದ್ದು ಶೇ. 30.7 ಮತ್ತು 17.7.

ಇದನ್ನು ಎರಡು ಕಡೆಯಿಂದ ಓದಬೇಕು. ಸಾಧ್ಯತೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ಪಟ್ಟು ಆಯಿತು. ಇದು ಸಣ್ಣ ವಿಷಯ ಅಲ್ಲ. ಆದರೆ ಆಪರೇಷನ್ ಆದವರಲ್ಲೂ ನೂರಕ್ಕೆ ಸುಮಾರು 70 ಮಂದಿಗೆ ಆ ಎಂಟು ತಿಂಗಳಲ್ಲಿ ಬಸಿರು ನಿಲ್ಲಲಿಲ್ಲ. "ಕ್ಲೀನ್ ಮಾಡಿಸಿದ್ರೆ ಆಗಿಬಿಡತ್ತೆ" ಅನ್ನುವ ಮಾತು ನನಗೆ ಹಿಡಿಸದೇ ಇರುವುದು ಇದಕ್ಕೇ. ಆಸೆ ಹುಟ್ಟಿಸುವ ಆ ಮಾತು ಆಮೇಲೆ ಹೆಂಗಸಿನ ತಲೆ ಮೇಲೆ ತಪ್ಪಾಗಿ ಕೂರುತ್ತದೆ. ಕ್ಲೀನ್ ಆದಮೇಲೂ ಆಗಲಿಲ್ಲ ಅಂದರೆ ನನ್ನಲ್ಲೇ ಏನೋ ದೋಷ ಅಂತ ಅವಳು ಕೊರಗುತ್ತಾಳೆ.

1999ರಲ್ಲಿ ಇಟಲಿಯಿಂದ ಇನ್ನೊಂದು ಪ್ರಯೋಗ ಬಂತು. ಅದು ಚಿಕ್ಕದು, ನೂರರ ಆಸುಪಾಸಿನ ಹೆಂಗಸರು, ಒಂದು ವರ್ಷದ ಗಮನ. ಅಲ್ಲಿ ಮಚ್ಚೆ ತೆಗೆದವರಿಗೂ ತೆಗೆಯದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡೂ ಗುಂಪಿನಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಮಗು ಆಯಿತು. ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಲಾಭ ಇದೆ, ಆದರೆ ಸಾಧಾರಣ ಅನ್ನುವ ತೀರ್ಮಾನಕ್ಕೆ ಬಂದಿದ್ದಾರೆ.

ಈಗ ಪೆನ್ನು ಹಿಡಿಯಿರಿ. ಎರಡು ಪ್ರಯೋಗಗಳನ್ನೂ ಸೇರಿಸಿದರೆ, ಒಬ್ಬರಿಗೆ ಹೆಚ್ಚುವರಿಯಾಗಿ ಬಸಿರು ನಿಲ್ಲಬೇಕಾದರೆ ಮೈಲ್ಡ್ ಕಾಯಿಲೆ ಇರುವ ಸುಮಾರು 12 ಮಂದಿಗೆ ಮಚ್ಚೆ ತೆಗೆಯಬೇಕು. ಆದರೆ ಆಪರೇಷನ್‌ಗೆ ಮುಂಚೆ ಕಾಯಿಲೆ ಇದೆಯೋ ಇಲ್ಲವೋ ಗೊತ್ತಿರುವುದಿಲ್ಲ, ಅಲ್ವಾ? ನೋವಿಲ್ಲದ, ಕಾರಣ ಸಿಗದ ಬಂಜೆತನ ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಸಿಗುತ್ತದೆ ಅಂದುಕೊಂಡರೆ, ಆ 12 ಹೋಗಿ 40ರ ಹತ್ತಿರ ಬರುತ್ತದೆ. ಅಂದರೆ 40 ಮಂದಿಗೆ ಲ್ಯಾಪರೊಸ್ಕೋಪಿ ಮಾಡಿದರೆ ಒಂದು ಹೆಚ್ಚುವರಿ ಬಸಿರು. ಅಮೆರಿಕದ ಸಂತಾನ ವೈದ್ಯರ ಸಂಘ 2012ರಲ್ಲಿ ಇದೇ ಲೆಕ್ಕ ಮುಂದಿಟ್ಟು, ನೋವಿಲ್ಲದವರಿಗೆ ಬರೀ ಬಸಿರಿಗಾಗಿ ಲ್ಯಾಪರೊಸ್ಕೋಪಿ ಮಾಡುವ ಬಗ್ಗೆ ಎಚ್ಚರದ ಮಾತು ಹೇಳಿತ್ತು.

ನನ್ನ ತಂಗಿಗೆ ನೋವಿತ್ತು. ನೋವಿದ್ದರೆ ಕಾಯಿಲೆ ಸಿಗುವ ಸಾಧ್ಯತೆ ಹೆಚ್ಚು, ಅದರಿಂದ ಅವಳ ಲೆಕ್ಕ 40ರ ಕಡೆಯಿಂದ 12ರ ಕಡೆಗೆ ಸರಿಯಿತು. ಮಗು ಆಗಲಿ ಬಿಡಲಿ, ನೋವು ಕಡಿಮೆ ಆಗುವ ಸಾಧ್ಯತೆ ಅವಳಿಗೆ ಇತ್ತು. ಆ ಹಾಳೆ ಮೇಲೆ ಅವಳೇ ಬರೆದಳು: "ನೋವಿಗೆ, ಮಗುವಿಗೆ, ಎರಡಕ್ಕೂ."

ಹಂತ 4: ನೀವು ಯಾವ ಕಡೆ ಇದ್ದೀರಿ ನೋಡಿಕೊಳ್ಳಿ

ವಯಸ್ಸು 35ಕ್ಕಿಂತ ಕಡಿಮೆ, ಮುಟ್ಟಿನ ನೋವು ಅಥವಾ ಕೂಡುವಾಗ ನೋವು ಇದೆ, ಟ್ಯೂಬ್ ತೆರೆದಿದೆ, ವೀರ್ಯ ಪರೀಕ್ಷೆ ಸರಿಯಿದೆ, ಕಾಯಲು ಒಂದಿಷ್ಟು ತಿಂಗಳು ಕೈಯಲ್ಲಿವೆ. ಇಂಥವರಿಗೆ ಲ್ಯಾಪರೊಸ್ಕೋಪಿ ಒಳ್ಳೆಯ ಆಯ್ಕೆ. ಐವಿಎಫ್ (ಅಂಡ, ವೀರ್ಯಾಣುಗಳನ್ನು ಲ್ಯಾಬ್‌ನಲ್ಲಿ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು) ಬೇಡ ಅಂತ ಮನಸ್ಸಿನಲ್ಲಿ ಗಟ್ಟಿಯಾಗಿ ಇರುವವರಿಗೂ ಹೌದು.

ವಯಸ್ಸು 38 ದಾಟಿದೆ, ಅಂಡಗಳ ದಾಸ್ತಾನು ಕಡಿಮೆ, ಇಲ್ಲವೇ ವೀರ್ಯದ ತೊಂದರೆಯಿಂದ ಹೇಗಿದ್ದರೂ ಐವಿಎಫ್ ಬೇಕೇ ಬೇಕು. ಇಂಥವರು ಮಚ್ಚೆ ತೆಗೆಸುವುದಕ್ಕೆ ತಿಂಗಳುಗಟ್ಟಲೆ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಐವಿಎಫ್‌ಗೆ ಮುಂಚೆ ಮೈಲ್ಡ್ ಮಚ್ಚೆಗಳನ್ನು ತೆಗೆಸಿಕೊಳ್ಳಲೇಬೇಕು ಅಂತ ಇಲ್ಲ. ಮಗು ಆಗುವ ಸಾಧ್ಯತೆ ಹೆಚ್ಚಿಸಲು ಅದನ್ನು ವಾಡಿಕೆಯಾಗಿ ಮಾಡಬೇಡಿ ಅಂತಲೇ ಎಶ್ರೆ ಮಾರ್ಗಸೂಚಿ ಹೇಳುತ್ತದೆ. ಆದರೆ ನೋವು ತಡೆಯಲಾಗುತ್ತಿಲ್ಲ ಅಂದರೆ ಆ ಮಾತು ಬೇರೆ. ನೋವೇ ಒಂದು ಪೂರ್ತಿ ಕಾರಣ.

ನಡುವೆ ಇರುವವರು ತುಂಬಾ ಮಂದಿ. ನೋವು ಅಷ್ಟಿಲ್ಲ, ವಯಸ್ಸು 33, ಎರಡು ವರ್ಷದಿಂದ ಕಾಯುತ್ತಿದ್ದಾರೆ. ಇವರ ಮುಂದೆ ಆಪರೇಷನ್ ಒಂದೇ ದಾರಿ ಅಲ್ಲ. ಅಂಡ ಬಿಡುಗಡೆಗೆ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟು ಐಯುಐ, ಅಂದರೆ ವೀರ್ಯವನ್ನು ನೇರವಾಗಿ ಗರ್ಭಕೋಶದೊಳಗೆ ಬಿಡುವುದು ಇದೆ. ಇದರ ಬಗ್ಗೆಯೂ 1997ರಲ್ಲಿ ಒಂದು ಪ್ರಯೋಗ ಬಂತು. ಮೈಲ್ಡ್ ಕಾಯಿಲೆ ಇರುವವರಲ್ಲಿ ಇಂಜೆಕ್ಷನ್ ಜೊತೆ ಐಯುಐ ಮಾಡಿದಾಗ ಪ್ರತಿ ಸೈಕಲ್‌ಗೆ ಶೇ. 11ರಷ್ಟು ಮಗು, ಏನೂ ಮಾಡದಿದ್ದಾಗ ಶೇ. 2ರಷ್ಟು. ಈ ದಾರಿಯಲ್ಲಿ ಅವಳಿ ಬಸಿರಿನ ಸಾಧ್ಯತೆ ಹೆಚ್ಚು ಅನ್ನುವುದು ಮಾತ್ರ ನೆನಪಿರಲಿ.

ಹಂತ 5: ಡಾಕ್ಟರ್ ಎದುರು ಕೂತಾಗ ಕೇಳಬೇಕಾದ್ದು

ನಾಚಿಕೆ ಬೇಡ. ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಮೊದಲನೆಯದು: "ಮಚ್ಚೆ ಕಂಡರೆ ಅದೇ ಹೊತ್ತಿನಲ್ಲಿ ಪೂರ್ತಿ ತೆಗೆಯುತ್ತೀರಾ, ಇಲ್ಲಾ ನೋಡಿ ಮುಚ್ಚಿ ಇನ್ನೊಮ್ಮೆ ಬನ್ನಿ ಅನ್ನುತ್ತೀರಾ?" ನೋಡಲು ಒಂದು ಸಲ, ತೆಗೆಯಲು ಇನ್ನೊಂದು ಸಲ ಅಂದರೆ ಮೈಲ್ಡ್ ಕಾಯಿಲೆಯಲ್ಲಿ ಅರ್ಥವಿಲ್ಲ. ಒಪ್ಪಿಗೆ ಪತ್ರದಲ್ಲಿ ಎರಡೂ ಸೇರಿರಲಿ.

ಎರಡನೆಯದು: "ಆಪರೇಷನ್ ನೀವೇ ಮಾಡುತ್ತೀರಾ? ಎಂಡೊಮೆಟ್ರಿಯೋಸಿಸ್ ಆಪರೇಷನ್ ಎಷ್ಟು ಮಾಡಿದ್ದೀರಿ?" ಮಚ್ಚೆಗಳೆಲ್ಲ ಕಪ್ಪಗೇ ಇರುವುದಿಲ್ಲ. ಕೆಂಪು, ಬಿಳಿ, ನೀರಿನ ಗುಳ್ಳೆಯ ಹಾಗೆ ಪಾರದರ್ಶಕ, ಹೀಗೆಲ್ಲ ಇರುತ್ತವೆ. ಪಳಗಿದ ಕಣ್ಣಿಗೆ ಮಾತ್ರ ಅವು ಕಾಣುವುದು.

ಮೂರನೆಯದು: "ಅಂಡಾಶಯವನ್ನು ಮುಟ್ಟುವ ಅಗತ್ಯ ಬಂದರೆ ಏನು ಮಾಡುತ್ತೀರಿ?" ಅಂಡಾಶಯದ ಮೇಲೆ ಜಾಸ್ತಿ ಬಿಸಿ ತಾಗಿದರೆ, ಜಾಸ್ತಿ ಕತ್ತರಿಸಿದರೆ ಅಂಡಗಳ ದಾಸ್ತಾನು ಕುಗ್ಗುತ್ತದೆ. ಮಗುವಿಗಾಗಿ ಮಾಡುವ ಆಪರೇಷನ್‌ನಲ್ಲಿ ಮಗುವಿಗೆ ಬೇಕಾದ್ದನ್ನೇ ಕಳೆದುಕೊಳ್ಳಬಾರದು.

ನಾಲ್ಕನೆಯದು: "ಟ್ಯೂಬ್‌ಗೆ ಬಣ್ಣದ ನೀರು ಬಿಟ್ಟು ನೋಡುತ್ತೀರಾ? ಫೋಟೊ ಅಥವಾ ವಿಡಿಯೊ ಕೊಡುತ್ತೀರಾ?" ಇದನ್ನು ಕೇಳಲು ತಂಗಿ ಮೊದಲು ಹಿಂಜರಿದಳು. ಡಾಕ್ಟರ್ ಬೇಸರ ಮಾಡಿಕೊಳ್ಳಲಿಲ್ಲ, ಪೆನ್ ಡ್ರೈವ್ ತನ್ನಿ ಅಂದರು.

ಕತ್ತರಿಸಿ ತೆಗೆಯುವುದು ಒಳ್ಳೆಯದೋ ಸುಡುವುದು ಒಳ್ಳೆಯದೋ ಅಂತ ಇಂಟರ್‌ನೆಟ್‌ನಲ್ಲಿ ದೊಡ್ಡ ಜಗಳವೇ ಇದೆ. ಮೈಲ್ಡ್ ಕಾಯಿಲೆಯಲ್ಲಿ ಬಸಿರಿನ ಮಟ್ಟಿಗೆ ಒಂದು ಇನ್ನೊಂದಕ್ಕಿಂತ ಮೇಲು ಅಂತ ಸಾಬೀತಾಗಿಲ್ಲ. ಕೆನಡಾದ ಪ್ರಯೋಗದಲ್ಲಿ ಎರಡೂ ವಿಧಾನ ಬಳಸಿದ್ದರು. ಕತ್ತರಿಸಿದರೆ ಲ್ಯಾಬ್‌ಗೆ ಕಳಿಸಿ ಖಚಿತ ಮಾಡಿಕೊಳ್ಳಬಹುದು, ಅದೊಂದು ಅನುಕೂಲ. ನಿಮ್ಮ ಡಾಕ್ಟರ ಕೈ ಯಾವುದರಲ್ಲಿ ಪಳಗಿದೆಯೋ ಅದೇ ನಿಮಗೆ ಸರಿ.

ಹಂತ 6: ಆಪರೇಷನ್ ದಿನ

ಸಾಮಾನ್ಯವಾಗಿ ಮುಟ್ಟು ಮುಗಿದ ಮೇಲೆ, ಅಂಡ ಬಿಡುಗಡೆಗೆ ಮುಂಚೆ ದಿನ ಗೊತ್ತು ಮಾಡುತ್ತಾರೆ. ಗೊತ್ತಿಲ್ಲದೆ ಬಸಿರಾಗಿದ್ದರೆ ಅಂತ ಅವತ್ತು ಬೆಳಿಗ್ಗೆ ಮೂತ್ರ ಪರೀಕ್ಷೆಯನ್ನೂ ಮಾಡುತ್ತಾರೆ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಹೊಕ್ಕುಳಿನ ಹತ್ತಿರ ಸುಮಾರು ಒಂದು ಸೆಂಟಿಮೀಟರ್ ಸೀಳಿ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿಸುತ್ತಾರೆ. ಹೊಟ್ಟೆ ಉಬ್ಬಿದಾಗ ಒಳಗೆ ಜಾಗ ಸಿಗುತ್ತದೆ. ಕ್ಯಾಮೆರಾ ಒಂದರಲ್ಲಿ, ಉಪಕರಣಗಳು ಕೆಳಗಿನ ಇನ್ನೆರಡು ಮೂರು ಸಣ್ಣ ತೂತುಗಳಲ್ಲಿ.

ತಂಗಿಯ ಪೆನ್ ಡ್ರೈವ್‌ನಲ್ಲಿದ್ದ ವಿಡಿಯೊವನ್ನು ಆಮೇಲೆ ನಾವಿಬ್ಬರೂ ನೋಡಿದೆವು. ತಿಳಿಗುಲಾಬಿ ಬಣ್ಣದ ನುಣುಪು ಪದರ, ಅದರ ಕೆಳಗೆ ನೂಲಿನಂಥ ರಕ್ತನಾಳಗಳು. ಗರ್ಭಕೋಶದ ಹಿಂದಿನ ಗುಂಡಿಯಲ್ಲಿ ಬೆಂಕಿಕಡ್ಡಿ ತಲೆಯಷ್ಟು ಕಪ್ಪು ಚುಕ್ಕೆಗಳು ಐದಾರು, ಮಸಿ ಸಿಡಿದ ಹಾಗೆ. ಪಕ್ಕದಲ್ಲಿ ಎರಡು ಕೆಂಪು ಕಲೆ. ಒಂದು ಸಣ್ಣ ಇಕ್ಕಳ ಬಂದು ಪದರವನ್ನು ಮೆಲ್ಲಗೆ ಎತ್ತಿತು, ಕತ್ತರಿ ಅದರ ಸುತ್ತ ನಡೆಯಿತು. ಕೊನೆಗೆ ಟ್ಯೂಬ್‌ನ ತುದಿಯ ಕುಚ್ಚಿನಿಂದ ನೀಲಿ ನೀರು ತೊಟ್ಟಿಕ್ಕಿತು. "ಇಷ್ಟೇನಾ? ಇಷ್ಟಕ್ಕೇನಾ ನಾನು ಹನ್ನೆರಡು ವರ್ಷ ನರಳಿದ್ದು?" ಅಂತ ತಂಗಿ ಅತ್ತಳು. ಅವಳ ನೋವಿಗೆ ಮೊದಲ ಸಲ ಒಂದು ಮುಖ ಸಿಕ್ಕಿತ್ತು.

ಅಪಾಯ ಕಡಿಮೆ, ಆದರೆ ಇಲ್ಲ ಅಂತಲ್ಲ. ನೋಡುವುದಕ್ಕಷ್ಟೇ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಕರುಳು, ಮೂತ್ರಕೋಶ ಅಥವಾ ರಕ್ತನಾಳಕ್ಕೆ ಪೆಟ್ಟಾಗುವಂಥ ಗಂಭೀರ ತೊಂದರೆ ಸಾವಿರಕ್ಕೆ ಸುಮಾರು ಇಬ್ಬರಿಗೆ ಆಗುತ್ತದೆ. ಮಚ್ಚೆ ತೆಗೆಯುವಾಗ ಅದಕ್ಕಿಂತ ಸ್ವಲ್ಪ ಜಾಸ್ತಿ. ಮೊದಲೇ ಹೊಟ್ಟೆ ಆಪರೇಷನ್ ಆಗಿದ್ದರೆ ಡಾಕ್ಟರಿಗೆ ಹೇಳಲು ಮರೆಯಬೇಡಿ.

ಹಂತ 7: ಮನೆಗೆ ಬಂದ ಮೊದಲ ವಾರ

ಅವತ್ತೇ ಅಥವಾ ಮರುದಿನ ಕಳಿಸುತ್ತಾರೆ. ಹೊಟ್ಟೆಗಿಂತ ಭುಜ ನೋಯುತ್ತದೆ ಅಂತ ಹಲವರು ಗಾಬರಿ ಆಗುತ್ತಾರೆ. ಅದು ಉಳಿದ ಗ್ಯಾಸ್ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪದರವನ್ನು, ಕೆಣಕುವುದರಿಂದ ಬರುವ ನೋವು. ಎರಡು ಮೂರು ದಿನದಲ್ಲಿ ಹೋಗುತ್ತದೆ. ಎದ್ದು ಓಡಾಡಿ. ಸ್ವಲ್ಪ ರಕ್ತದ ಕಲೆ ಕಾಣಿಸುವುದೂ ಸಹಜ.

ಜ್ವರ ಬಂದರೆ, ಹೊಟ್ಟೆನೋವು ದಿನದಿನಕ್ಕೆ ಕಡಿಮೆ ಆಗುವ ಬದಲು ಏರುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಊದಿಕೊಂಡು ಗಟ್ಟಿಯಾದರೆ, ಮೂತ್ರ ಹೋಗದಿದ್ದರೆ, ಒಂದು ಕಾಲು ಊದಿ ನೋಯುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಹಂತ 8: ಡಿಸ್ಚಾರ್ಜ್ ಹಾಳೆಯಿಂದ ಅಂಕ ತೆಗೆಯಿರಿ

ಸ್ಟೇಜ್ ಎಷ್ಟು ಅನ್ನುವುದಕ್ಕಿಂತ ಉಪಯೋಗದ ಲೆಕ್ಕ ಒಂದಿದೆ. ಅದಕ್ಕೆ ಎಂಡೊಮೆಟ್ರಿಯೋಸಿಸ್ ಫರ್ಟಿಲಿಟಿ ಇಂಡೆಕ್ಸ್, ಚಿಕ್ಕದಾಗಿ ಇಎಫ್‌ಐ ಅನ್ನುತ್ತಾರೆ. 2010ರಲ್ಲಿ ಬಂದದ್ದು. ಆಪರೇಷನ್ ಆದಮೇಲೆ ಐವಿಎಫ್ ಇಲ್ಲದೆ ಬಸಿರಾಗುವ ಸಾಧ್ಯತೆಯನ್ನು ಅಂದಾಜು ಮಾಡಲು 0ಯಿಂದ 10ರವರೆಗೆ ಅಂಕ ಕೊಡುತ್ತದೆ.

ವಯಸ್ಸು 35 ಅಥವಾ ಕಡಿಮೆ ಇದ್ದರೆ 2, 36ರಿಂದ 39ಕ್ಕೆ 1, 40 ಆದರೆ ಸೊನ್ನೆ. ಮಗುವಿಗಾಗಿ ಕಾದದ್ದು ಮೂರು ವರ್ಷದೊಳಗಿದ್ದರೆ 2, ಹೆಚ್ಚಾದರೆ ಸೊನ್ನೆ. ಹಿಂದೆ ಯಾವಾಗಲಾದರೂ ಬಸಿರಾಗಿದ್ದರೆ 1. ಆಪರೇಷನ್ ಮುಗಿದಾಗ ಎರಡೂ ಕಡೆಯ ಟ್ಯೂಬ್, ಅದರ ತುದಿಯ ಕುಚ್ಚು, ಅಂಡಾಶಯ ಎಷ್ಟು ಚೆನ್ನಾಗಿ ಕೆಲಸ ಮಾಡುವ ಹಾಗಿವೆ ಅಂತ ಡಾಕ್ಟರ್ ಅಳೆಯುತ್ತಾರೆ. ಅದಕ್ಕೆ ಹೆಚ್ಚೆಂದರೆ 3. ಉಳಿದ ಎರಡು ಅಂಕ ಕಾಯಿಲೆಯ ಪ್ರಮಾಣಕ್ಕೆ.

ತಂಗಿಯದು ಹೀಗೆ ಬಂತು: ವಯಸ್ಸಿಗೆ 2, ಕಾದ ವರ್ಷಕ್ಕೆ 2, ಹಿಂದಿನ ಬಸಿರಿಗೆ ಸೊನ್ನೆ, ಟ್ಯೂಬ್ ಮತ್ತು ಅಂಡಾಶಯಕ್ಕೆ 3, ಕಾಯಿಲೆ ಕಡಿಮೆ ಇದ್ದದ್ದಕ್ಕೆ 2. ಒಟ್ಟು 9. ಇದು ಒಳ್ಳೆಯ ಅಂಕ. ಗಮನಿಸಿ, ಹತ್ತರಲ್ಲಿ ಕಾಯಿಲೆಗೆ ಇರುವುದು ಎರಡೇ ಅಂಕ. ವಯಸ್ಸು ಮತ್ತು ಕಾದ ವರ್ಷಗಳಿಗೆ ನಾಲ್ಕು. ಆಪರೇಷನ್ ಈ ನಾಲ್ಕನ್ನು ಬದಲಿಸಲಾರದು. ಸುಮ್ನೆ ಮುಂದೂಡಿದರೆ ಕರಗುವುದೂ ಈ ನಾಲ್ಕೇ. ಡಿಸ್ಚಾರ್ಜ್ ಹಾಳೆಯಲ್ಲಿ ಈ ಅಂಕ ಬರೆಯದಿದ್ದರೆ ಹಾಕಿಕೊಡಿ ಅಂತ ಕೇಳಿ.

ಹಂತ 9: ಆಮೇಲಿನ ತಿಂಗಳುಗಳು

ಮಗು ಬೇಕು ಅನ್ನುವವರು ಆಪರೇಷನ್ ಆದಮೇಲೆ ಹಾರ್ಮೋನ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡು ಮೂರು ಆರು ತಿಂಗಳು 'ಒಣಗಿಸುವುದು' ಬೇಡ. ಡೈನೋಜೆಸ್ಟ್, ಗರ್ಭನಿರೋಧಕ ಮಾತ್ರೆ, ಮುಟ್ಟು ನಿಲ್ಲಿಸುವ ಇಂಜೆಕ್ಷನ್, ಇವೆಲ್ಲ ಅಂಡ ಬಿಡುಗಡೆಯನ್ನೇ ತಡೆಯುತ್ತವೆ. ನೋವಿಗೆ ಒಳ್ಳೆಯವು, ಬಸಿರಿನ ಸಾಧ್ಯತೆ ಹೆಚ್ಚಿಸುವುದಿಲ್ಲ. ತೆಗೆದುಕೊಂಡಷ್ಟು ತಿಂಗಳು ಕೈಬಿಟ್ಟು ಹೋಗುತ್ತವೆ. ಹೀಗೆ ಬರೆದುಕೊಟ್ಟಿದ್ದರೆ ಯಾಕೆ ಅಂತ ಕೇಳಿ. ಐವಿಎಫ್ ಸದ್ಯಕ್ಕೆ ಮುಂದಕ್ಕೆ ಹೋಗಿದೆ, ನೋವಿದೆ, ಹೀಗೇನಾದರೂ ಕಾರಣ ಇರಬಹುದು. ಕಾರಣ ಕೇಳುವುದು ನಿಮ್ಮ ಹಕ್ಕು.

ಸಾಮಾನ್ಯವಾಗಿ ಮುಂದಿನ ಮುಟ್ಟು ಮುಗಿದ ಮೇಲೆ ಪ್ರಯತ್ನ ಶುರು ಮಾಡಬಹುದು. ಅಂಡ ಬಿಡುಗಡೆಯ ದಿನ ಮತ್ತು ಅದಕ್ಕಿಂತ ಹಿಂದಿನ ಐದು ದಿನ ಮುಖ್ಯ. ದಿನ ಎಣಿಸಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಸೇರುವುದು ಸಾಕು. ಕೂಡುವಾಗ ನೋವಿದ್ದರೆ ಹಲ್ಲು ಕಚ್ಚಿ ಸಹಿಸಬೇಡಿ. ಗಂಡನಿಗೆ ಹೇಳಿ, ಡಾಕ್ಟರಿಗೂ ಹೇಳಿ. ಎಷ್ಟೋ ದಂಪತಿಗಳು ನೋವಿಗೆ ಹೆದರಿ ಸೇರುವುದನ್ನೇ ಕಡಿಮೆ ಮಾಡಿರುತ್ತಾರೆ. ಆ ವಿಷಯ ಯಾವ ರಿಪೋರ್ಟ್‌ನಲ್ಲೂ ಬರುವುದಿಲ್ಲ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೊಗ್ರಾಂ ಶುರು ಮಾಡಿರಿ. ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳನ್ನು ತಿಂಗಳಿಡೀ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಅಂಡ ಹೊರಬರುವ ದಿನಗಳಲ್ಲಿ ಅವು ಅಡ್ಡಿ ಮಾಡಬಹುದು.

ಈಗ ಕ್ಯಾಲೆಂಡರ್ ತೆಗೆಯಿರಿ. 35ರೊಳಗಿದ್ದು ಎಲ್ಲ ಚೆನ್ನಾಗಿದ್ದರೆ ಆರರಿಂದ ಒಂಬತ್ತು ತಿಂಗಳು ಸಹಜವಾಗಿ ಪ್ರಯತ್ನಿಸಬಹುದು. ಆಗದಿದ್ದರೆ ಮಾತ್ರೆ ಅಥವಾ ಇಂಜೆಕ್ಷನ್ ಜೊತೆ ಮೂರು ನಾಲ್ಕು ಸಲ ಐಯುಐ. ಅದೂ ಆಗದಿದ್ದರೆ ಐವಿಎಫ್. 35 ದಾಟಿದ್ದರೆ ಈ ಎಲ್ಲ ಅವಧಿಯನ್ನೂ ಕುಗ್ಗಿಸಿ. ಮೂರು ತಿಂಗಳಿಗೇ ಮುಂದಿನ ಮಾತು ಶುರುವಾಗಲಿ. ಕೆಲವರಿಗೆ ನೇರ ಐಯುಐ ಅಥವಾ ಐವಿಎಫ್ ಸರಿ. ನಿಖರವಾದ ತಿಂಗಳನ್ನು ನಿಮ್ಮ ಇಎಫ್‌ಐ ಅಂಕ ನೋಡಿ ನಿಮ್ಮ ಡಾಕ್ಟರ್ ಜೊತೆ ಕೂತು ಗೊತ್ತು ಮಾಡಿ. ಬಾಯಿಮಾತಲ್ಲಿ ಬೇಡ, ತಾರೀಖು ಹಾಕಿಸಿಕೊಳ್ಳಿ.

ತಂಗಿ ತನ್ನ ಡೈರಿಯಲ್ಲಿ ಎಂಟು ತಿಂಗಳ ಮುಂದಿನ ಒಂದು ಸೋಮವಾರಕ್ಕೆ ಕೆಂಪು ಗುರುತು ಹಾಕಿದಳು. ಪ್ರತಿ ಮುಟ್ಟಿಗೂ ಅಳುವುದು ಅದರಿಂದ ನಿಲ್ಲಲಿಲ್ಲ. ಆದರೆ "ಇನ್ನೆಷ್ಟು ದಿನ" ಅನ್ನುವ ಪ್ರಶ್ನೆಗೆ ಒಂದು ತಾರೀಖು ಇತ್ತು.

ಹಂತ 10: ಎರಡನೇ ಆಪರೇಷನ್ ಅಂದರೆ

ಆರು ತಿಂಗಳಾದರೂ ಬಸಿರಾಗಿಲ್ಲ, ಮಚ್ಚೆ ಮತ್ತೆ ಬಂದಿರಬಹುದು, ಇನ್ನೊಮ್ಮೆ ಲ್ಯಾಪರೊಸ್ಕೋಪಿ ಮಾಡೋಣ ಅಂತ ಯಾರಾದರೂ ಅಂದರೆ ಎರಡನೇ ಅಭಿಪ್ರಾಯ ಕೇಳಿ. ಬಸಿರಿನ ಮಟ್ಟಿಗೆ ಮೊದಲ ಆಪರೇಷನ್‌ನಿಂದ ಸಿಗುವಷ್ಟು ಲಾಭ ಎರಡನೆಯದರಿಂದ ಸಿಗುವುದಿಲ್ಲ. ಆ ಹಂತದಲ್ಲಿ ಐಯುಐ ಅಥವಾ ಐವಿಎಫ್ ಕಡೆ ತಿರುಗುವುದು ಜಾಣತನ. ನೋವು ಮರಳಿ ಬಂದು ಬದುಕು ಕಷ್ಟ ಆಗಿದ್ದರೆ ಮಾತ್ರ ಮತ್ತೆ ಯೋಚಿಸಬೇಕು.

ಹಂತ 11: ಮುಟ್ಟು ತಪ್ಪಿದ ದಿನ

ಟೆಸ್ಟ್ ಪಾಸಿಟಿವ್ ಬಂದರೆ ಡಾಕ್ಟರಿಗೆ ಅವತ್ತೇ ತಿಳಿಸಿ. ಆರರಿಂದ ಏಳನೇ ವಾರದಲ್ಲಿ ಒಂದು ಸ್ಕ್ಯಾನಿಂಗ್ ಮಾಡಿಸಿ. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಟ್ಯೂಬ್‌ನಲ್ಲಿ ಬಸಿರು ನಿಲ್ಲುವ ಸಾಧ್ಯತೆ ಸ್ವಲ್ಪ ಹೆಚ್ಚು. ಗರ್ಭಕೋಶದೊಳಗೇ ಇದೆ ಅಂತ ಖಚಿತ ಆಗುವವರೆಗೆ ಒಂದು ಪಕ್ಕದಲ್ಲಿ ಚುಚ್ಚುವ ನೋವು, ತಲೆಸುತ್ತು, ರಕ್ತ ಹೋಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಂಗಿಗೆ ಈಗ ಆರನೇ ತಿಂಗಳ ಪ್ರಯತ್ನ ನಡೆಯುತ್ತಿದೆ. ಮುಟ್ಟಿನ ದಿನ ಅವಳು ಎದ್ದು ಓಡಾಡುತ್ತಾಳೆ. ಕೆಂಪು ಗುರುತಿನ ಸೋಮವಾರಕ್ಕೆ ಇನ್ನೂ ಒಂಬತ್ತು ವಾರ ಇದೆ.